'ಅಡಾಪ್ಟರ್' ಅಂದರೆ ಯಾವುದು? ಪಿನ್ನು ಬದಲಿಸುವುದೋ, ಕರೆಂಟು ಇಳಿಸುವುದೋ?

ಗೆಳೆಯರೇ,

ಒಂದು ಪದದ ತಕರಾರು ತಂದಿದ್ದೇನೆ. ಪದ 'ಅಡಾಪ್ಟರ್'. ಇದರ ದೆಸೆಯಿಂದ ನಮ್ಮ ಮನೆಯಲ್ಲಿ ಒಂದು ಕಾಫಿ ಮಷೀನು ಸುಟ್ಟುಹೋಗಿದೆ. ಹಾಗಾಗಿ ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ.

ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಕ್ಕನ ಮಗ ಅಮೆರಿಕದಿಂದ ಬಂದವನು ಒಂದು ಕಾಫಿ ಮಷೀನು ತಂದುಕೊಟ್ಟ. ಅದರ ಪಿನ್ನು ಎರಡು ಚಪ್ಪಟೆ ಪಟ್ಟಿ. ನಮ್ಮ ಗೋಡೆಯ ತೂತುಗಳು ದುಂಡಗೆ. "ಹಾಗೇ ಹಾಕ್ಬೇಡಿ, ಕನ್ವರ್ಟರ್ ತಗೊಳ್ಳಿ" ಅಂತ ಹೇಳಿಯೇ ಹೋಗಿದ್ದ. ಅವನು ಹೇಳಿದ್ದು ವೋಲ್ಟೇಜ್ ಬದಲಿಸುವ ಡಬ್ಬಿ. ಅಕ್ಕ ಪೇಟೆಗೆ ಹೋಗಿ, "ಅಮೆರಿಕದ ಮಷೀನಿಗೆ ಅಡಾಪ್ಟರ್ ಕೊಡಿ" ಅಂದರು. ಅಂಗಡಿಯವರು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಬಿಳಿ ಪ್ಲಾಸ್ಟಿಕ್ ಗುಂಡು ಕೊಟ್ಟರು. ಒಂದು ಕಡೆ ಚಪ್ಪಟೆ ತೂತು, ಇನ್ನೊಂದು ಕಡೆ ದುಂಡು ಕಾಲು. ಸರಿಯಾಗಿ ಕೂತಿತು. ನೀರು ಒಂದೇ ಸಮ ಕೊತಕೊತ ಅಂದಿತು. "ಎಷ್ಟು ಬೇಗ ಕುದೀತು ನೋಡು" ಅಂತ ಅಕ್ಕ ಹೇಳಿ ಮುಗಿಸುವುದರೊಳಗೆ ಪ್ಲಾಸ್ಟಿಕ್ ಸುಟ್ಟ ವಾಸನೆ, ಆಮೇಲೆ ಎಂಸಿಬಿ ಬಿದ್ದ ಸದ್ದು.

ಮಷೀನಿನ ತಳದಲ್ಲಿ 120 ವೋಲ್ಟ್, 60 ಹರ್ಟ್ಜ್ ಅಂತ ಬರೆದಿತ್ತು. (ಹರ್ಟ್ಜ್ ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಡುತ್ತದೆ ಅನ್ನುವ ಲೆಕ್ಕ.) ನಮ್ಮದು 230 ವೋಲ್ಟ್. ವೋಲ್ಟೇಜ್ ಹೆಚ್ಚುಕಡಿಮೆ ಎರಡರಷ್ಟಾದರೆ ಬಿಸಿ ಮಾಡುವ ಕಾಯಿಲ್ ಎಳೆಯುವ ವ್ಯಾಟ್ ಎರಡು ಪಟ್ಟು ಆಗುವುದಿಲ್ಲ, ಮೂರೂವರೆ ಪಟ್ಟನ್ನೂ ದಾಟುತ್ತದೆ. ನೀರು ಬೇಗ ಕುದಿದದ್ದು ಅದಕ್ಕೇ.

ಮನೆಯವರೆಲ್ಲ ಅಕ್ಕನನ್ನೇ ಬೈದರು. ನನಗೆ ಮಾತ್ರ ಅಕ್ಕನದು ತಪ್ಪು ಅನ್ನಿಸಲಿಲ್ಲ. ಯಾಕೆ ಅಂದರೆ, ನಾವು ದಿನಾ ಅಡಾಪ್ಟರ್ ಅನ್ನುವುದು ಯಾವುದಕ್ಕೆ? ಮೊಬೈಲ್ ಅಂಗಡಿಗೆ ಹೋಗಿ ಚಾರ್ಜರ್ ಕೇಳಿ. "ಅಡಾಪ್ಟರ್ ಬೇಕಾ, ಕೇಬಲ್ ಬೇಕಾ?" ಅಂತಾರೆ. ಗೋಡೆಗೆ ಚುಚ್ಚುವ ತಲೆ ಅಡಾಪ್ಟರ್, ವೈರು ಕೇಬಲ್. ಆ ತಲೆಯ ಬೆನ್ನು ಓದಿದರೆ ಇನ್‌ಪುಟ್ 100-240 ವೋಲ್ಟ್, ಔಟ್‌ಪುಟ್ 5 ವೋಲ್ಟ್ ಅಂತ ಇರುತ್ತದೆ. ಅಂದರೆ ಅದು ಕರೆಂಟನ್ನು ನಿಜವಾಗಿಯೂ ಇಳಿಸುತ್ತದೆ. ವೈಫೈ ಡಬ್ಬಿಯದೂ ಅಡಾಪ್ಟರ್, ಲ್ಯಾಪ್‌ಟಾಪಿನ ಕಪ್ಪು ಇಟ್ಟಿಗೆಯೂ ಅಡಾಪ್ಟರ್. ಸಿಡಿಲು ಬಡಿದಾಗ ಮೊದಲು "ಅಡಾಪ್ಟರ್ ಹೋಗಿರಬೇಕು ನೋಡಿ" ಅನ್ನುತ್ತೇವೆ. ಮಳೆಗಾಲದ ಮಲೆನಾಡಿನಲ್ಲಿ ಈ ಮಾತು ಕೇಳದ ಮನೆ ಇಲ್ಲ. ಹೀಗಿರುವಾಗ ಕನ್ನಡದ ಕಿವಿಗೆ ಅಡಾಪ್ಟರ್ ಅಂದರೆ ಜೋರು ಕರೆಂಟನ್ನು ಸಣ್ಣ ಮಾಡುವ ಡಬ್ಬಿ. ಏನನ್ನೂ ಇಳಿಸದ, ಬರೀ ಪಿನ್ನಿನ ಆಕಾರ ಬದಲಿಸುವ ಪ್ಲಾಸ್ಟಿಕ್ ಗುಂಡಿಗೂ ಅದೇ ಹೆಸರು ಬಂದು ಕೂತಿದೆ. ಅಕ್ಕ ಕೇಳಿದ ಪದ ಒಂದು, ಅಂಗಡಿಯವರು ಕೇಳಿಸಿಕೊಂಡದ್ದೂ ಅದೇ ಪದ. ವಸ್ತು ಮಾತ್ರ ಬೇರೆ.

ಇಷ್ಟು ವರ್ಷ ಈ ಗೊಂದಲ ಬಯಲಿಗೆ ಬರದಿದ್ದಕ್ಕೂ ಕಾರಣ ಇದೆ ಅಂತ ನನ್ನ ಊಹೆ. ದುಬೈ, ಸಿಂಗಪುರ, ಲಂಡನ್, ಜರ್ಮನಿ ಎಲ್ಲೇ ಹೋದರೂ ಕರೆಂಟು ಹೆಚ್ಚುಕಡಿಮೆ ನಮ್ಮ ಹಾಗೇ, 230 ವೋಲ್ಟ್, 50 ಹರ್ಟ್ಜ್. ಆಕಾರ ಬದಲಿಸಿಕೊಂಡರೆ ಸಾಕು, ಮಿಕ್ಸಿ ತಿರುಗುತ್ತದೆ. (ನಮ್ಮ ದುಂಡು ಪಿನ್ನು ಮೂಲದಲ್ಲಿ ಬ್ರಿಟಿಷರದೇ. ಅವರು 1947ರ ಹೊತ್ತಿಗೆ ಚೌಕ ಪಿನ್ನಿನ ಕಡೆ ತಿರುಗಿದರು, ನಾವು ದುಂಡನ್ನೇ ಇಟ್ಟುಕೊಂಡೆವು.) ಅಮೆರಿಕಕ್ಕೆ, ಇಲ್ಲವೇ 100 ವೋಲ್ಟಿನ ಜಪಾನಿಗೆ ಹೋದಾಗಲೇ ಪದದ ಬಣ್ಣ ಬಯಲಾಗುವುದು.

ಇನ್ನು 'ಪ್ಲಗ್ ಅಡಾಪ್ಟರ್' ಅನ್ನೋಣವೇ ಅಂದರೆ, 'ಪ್ಲಗ್' ಅನ್ನುವುದರದ್ದೇ ಬೇರೆ ಕಥೆ. "ಪ್ಲಗ್ಗಿಗೆ ಹಾಕು" ಅಂದರೆ ನಮ್ಮಲ್ಲಿ ಗೋಡೆಯ ತೂತಿಗೆ ಹಾಕು ಅಂತ. ಇಂಗ್ಲಿಷಿನವರಿಗೆ ಪ್ಲಗ್ ಅಂದರೆ ವೈರಿನ ತುದಿಯಲ್ಲಿ ಇರುವುದು. ಅದನ್ನು ನಾವು 'ಪಿನ್ನು' ಅಂತೇವೆ, ವೈರಿಂಗ್ ಮಾಡುವವರು 'ತ್ರೀ ಪಿನ್ ಟಾಪ್' ಅಂತಾರೆ. ಗಂಡು ಹೆಣ್ಣು ಅದಲುಬದಲಾಗಿದೆ, ಯಾರಿಗೂ ತೊಂದರೆ ಆಗಿಲ್ಲ! 'ಸಾಕೆಟ್' ಅಂತ ಅಂಗಡಿಯಲ್ಲಿ ಕೇಳುತ್ತೇವೆ, ಮನೆಯಲ್ಲಿ ಯಾರೂ ಅನ್ನುವುದಿಲ್ಲ.

'ಕನ್ವರ್ಟರ್'ಗೆ 'ಪರಿವರ್ತಕ' ಅಂತ ಕೆಲವರು ಹೇಳಬಹುದು. ಆದರೆ ಆ ಪದವನ್ನು ಪತ್ರಿಕೆಗಳು ಮೊದಲೇ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರಿಗೆ ಕೊಟ್ಟುಬಿಟ್ಟಿವೆ. 'ವಿದ್ಯುತ್ ಪರಿವರ್ತಕ ಸುಟ್ಟು ರೈತರ ಪರದಾಟ' ಅಂತ ಓದಿರುತ್ತೀರಿ. ಪರದಾಡುವ ರೈತ ಮಾತ್ರ ಅದನ್ನು 'ಟಿಸಿ' ಅಂತಾನೆ. 1948ರಿಂದ ಜೋಗದ ಬುಡದಲ್ಲಿ ಕರೆಂಟು ಹುಟ್ಟುತ್ತಿದೆ. ಇಲ್ಲಿ ಕರೆಂಟಿನ ಮಾತಿಗೇನೂ ಬರ ಇಲ್ಲ: ಡಿಮ್ಮು, ಸಿಂಗಲ್ ಫೇಸು, ಫ್ಯೂಸ್ ಕಟ್ಟು, ಲೈನ್ ಹೋಗು. ಈ ಎರಡು ಸಾಮಾನಿನ ವ್ಯತ್ಯಾಸ ಹೇಳುವ ಮಾತು ಮಾತ್ರ ಸಿಗುತ್ತಿಲ್ಲ.

ಚೆಂದದ ವಿವರಣೆ ಕೊಟ್ಟವರು ನಮ್ಮೂರಲ್ಲಿ ವೈರಿಂಗೂ ಪೈಪಿನ ಕೆಲಸವೂ ಮಾಡುವವರು. ಸುಟ್ಟ ಮಷೀನನ್ನು ತಿರುಗಿಸಿ ನೋಡುತ್ತಾ ಅಕ್ಕನಿಗೆ ಹೇಳಿದರು: "ನಿಮ್ಮನೆ ಅಬ್ಬಿ ನೀರು ಗುಡ್ಡದ ಮೇಲಿಂದ ಬರುತ್ತಲ್ವಾ? ಇಲ್ಲಿ ಕೆಳಗೆ ಕಪ್ಲಿಂಗ್ ಬದಲಿಸಿದ್ರೆ ಪೈಪಿಗೆ ಪೈಪು ಕೂರುತ್ತೆ. ಗುಡ್ಡ ತಗ್ಗಾಗುತ್ತಾ?" ಅಕ್ಕನಿಗೆ ಅಲ್ಲಿಗೇ ಅರ್ಥವಾಯಿತು. ನನಗೂ ಅಲ್ಲಿಯೇ ಪದ ಸಿಕ್ಕಿತು ಅನ್ನಿಸಿತು. ಆಕಾರ ಬದಲಿಸುವುದಕ್ಕೆ 'ಪಿನ್ ಕಪ್ಲಿಂಗ್' ಅಂದರೆ ತೋಟಕ್ಕೆ ಪೈಪು ಎಳೆದವರಿಗೆಲ್ಲ ತಕ್ಷಣ ತಿಳಿಯುತ್ತದೆ. ಪೂರ್ತಿ ಕನ್ನಡವೇ ಬೇಕಾದರೆ 'ಪಿನ್ ಬದಲಿ' ನನಗೆ ಇಷ್ಟ. 'ಹೊಂದಾಣಿಕೆ ಸಾಧನ' ಮಾತ್ರ ಬೇಡ. ಅಂಗಡಿಯಲ್ಲಿ ಹಾಗೆ ಕೇಳಿದರೆ ನಗುತ್ತಾರೆ.

ವೋಲ್ಟೇಜ್ ಬದಲಿಸುವುದಕ್ಕೆ ಇನ್ನೂ ಗಟ್ಟಿ ಪದ ಹೊಳೆದಿಲ್ಲ. ಅದರಲ್ಲೂ ಎರಡು ಬಗೆ ಇದೆ. ಅಮೆರಿಕದ ಸಾಮಾನು ಇಲ್ಲಿ ನಡೆಯಲು ವೋಲ್ಟೇಜ್ ಇಳಿಸಬೇಕು. ಇಲ್ಲಿನ ಮಿಕ್ಸಿ ಅಲ್ಲಿ ನಡೆಯಲು ಏರಿಸಬೇಕು. ಏರಿಸದೆ ಹಾಕಿದರೆ ಸುಡುವುದಿಲ್ಲ, ಆದರೆ ಗುಂಯ್ ಅಂತ ನರಳುತ್ತದೆ, ಚಟ್ನಿ ನುಣ್ಣಗಾಗುವುದಿಲ್ಲ. 'ಇಳಿಸುವ ಡಬ್ಬಿ', 'ಏರಿಸುವ ಡಬ್ಬಿ' ಅಂತ ಸದ್ಯಕ್ಕೆ ಕರೆಯುತ್ತಿದ್ದೇನೆ. ಮಿಕ್ಸಿ ಎಳೆಯುವಂಥದ್ದಾದರೆ ಒಳಗೆ ತಾಮ್ರ, ಕಬ್ಬಿಣ ತುಂಬಿರುತ್ತದೆ, ಒಳ್ಳೇ ಭಾರ. ಕೈಗೆ ಹಗುರ ಅನ್ನಿಸಿದರೆ ಅದು ಪಿನ್ ಬದಲಿಯೇ ಇರಬೇಕು ಅಂತ ಅಕ್ಕನಿಗೆ ಹೇಳಿಕೊಟ್ಟಿದ್ದೇನೆ. ಇನ್ನೊಂದು ಸಂಗತಿ: ಈ ಡಬ್ಬಿಯೂ ಇಲ್ಲಿಯ 50 ಹರ್ಟ್ಜನ್ನು 60 ಮಾಡುವುದಿಲ್ಲ. ಅಲ್ಲಿಯ ಕರೆಂಟಿನ ಲೆಕ್ಕ ಹಿಡಿದೇ ಓಡುವ ಹಳೇ ಗೋಡೆ ಗಡಿಯಾರ ತಂದರೆ ಇಲ್ಲಿ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಅದಕ್ಕೆ ಏನು ಹೆಸರಿಡುವುದೋ ಆ ದೇವರೇ ಬಲ್ಲ.

ಈಗ ನನ್ನ ಪ್ರಶ್ನೆಗಳು. ಮಂಗಳೂರು ಕಡೆ, ಧಾರವಾಡ ಕಡೆ ಈ ಎರಡನ್ನು ಬೇರೆ ಮಾಡಿ ಹೇಳುವ ರೂಢಿ ಇದೆಯೇ? ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಏನಂತ ಕೇಳುತ್ತೀರಿ? ಕೊಲ್ಲಿ ದೇಶಗಳಲ್ಲಿ ಇರುವವರು ಪಿನ್ನಿನ ಗುಂಡಿಗೆ ಬೇರೆ ಹೆಸರು ಕೊಟ್ಟಿದ್ದೀರಾ?

ಸ್ವಲ್ಪ ಅವಸರ ಇದೆ. ಅಕ್ಕ ಮುಂದಿನ ತಿಂಗಳು ಮಗನ ಮನೆಗೆ ಹೊರಟಿದ್ದಾರೆ. ಅವರ ಪೆಟ್ಟಿಗೆಯಲ್ಲಿ ಎರಡೂ ಸಾಮಾನು ಇಟ್ಟಿದ್ದೇವೆ. ಒಂದೊಂದಕ್ಕೂ ಕನ್ನಡದ ಚೀಟಿ ಅಂಟಿಸಬೇಕು. ಮೊದಲನೆಯದರ ಮೇಲೆ 'ಪಿನ್ ಬದಲಿ' ಅಂತ ಬರೆದಾಯಿತು. ಎರಡನೇ ಚೀಟಿ ಇನ್ನೂ ಖಾಲಿ ಇದೆ.