ಸಹಾಯ ಬೇಕು: ಬೆಂಗಳೂರಲ್ಲಿ ಪೇಲಿಯೋ ಹೋಟೆಲ್ ನಡೆಯುತ್ತಾ?

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಭಾವಮೈದ ಸೇರಿ ಜಯನಗರದ ಕಡೆ ಪೇಲಿಯೋ ಊಟದ (ಬೇಸಾಯ ಶುರುವಾಗೋ ಮುಂಚೆ ಆದಿಮಾನವರು ತಿಂತಿದ್ದರು ಅನ್ನೋ ಥರದ ಊಟ) ಹೋಟೆಲ್ ಮಾಡೋಣ ಅಂತಿದ್ದೇವೆ. ಅಕ್ಕಿ, ರಾಗಿ, ಗೋಧಿ, ಬೇಳೆ, ಸಕ್ಕರೆ ಯಾವುದೂ ಇರಲ್ಲ. ಕಡಲೆಕಾಯಿನೂ ಕಾಳಿನ ಜಾತಿಯೇ, ಅದೂ ಔಟ್. ಎಲೆಕೋಸಿನ ಪಲ್ಯ ಮಾಡಿ ನೋಡಿದೆವು, ಒಗ್ಗರಣೆಗೆ ಉದ್ದಿನಬೇಳೆ ಕೂಡ ಹಾಕೋ ಹಾಗಿಲ್ಲ, ಕೊಬ್ಬರಿ ಎಣ್ಣೆ, ಸಾಸಿವೆ, ಕರಿಬೇವಲ್ಲೇ ಮುಗಿಸಬೇಕು. ರುಚಿ ಚೆನ್ನಾಗೇ ಇತ್ತು ಬಿಡಿ.

ನನ್ನ ಚಿಂತೆ ಲೆಕ್ಕದ್ದು. ಮಿಲಿಟರಿ ಹೋಟೆಲಲ್ಲಿ ಹೊಟ್ಟೆ ತುಂಬಿಸೋದು ಮುದ್ದೆ, ಅನ್ನ, ಅದಕ್ಕೇ ನಾಲ್ಕು ಪೀಸ್ ಮಟನ್‌ನಲ್ಲಿ ಊಟ ಮುಗಿಯುತ್ತೆ. ಇಲ್ಲಿ ಮಟನ್, ಮೀನು, ಮೊಟ್ಟೆಯೇ ಹೊಟ್ಟೆ ತುಂಬಿಸಬೇಕು, ಅಂದರೆ ಪ್ಲೇಟಿನ ರೇಟ್ ಎಲ್ಲಿಗೋ ಹೋಗುತ್ತೆ. ಮನೆಮಂದಿಯೆಲ್ಲ ಬಂದು, ಒಬ್ಬರು ಮಾತ್ರ ಪೇಲಿಯೋ, ಉಳಿದವರು ಅನ್ನ ಕೇಳಿದರೆ ಎದ್ದು ಹೋಗ್ತಾರೆ ಅಲ್ವಾ?

ಸಸ್ಯಾಹಾರಿಗಳದ್ದು ಇನ್ನೊಂದು ತಲೆನೋವು. ಮೂಲ ಪೇಲಿಯೋದಲ್ಲಿ ಹಾಲು, ಮೊಸರು ಇಲ್ಲ. ಆದರೆ ತಮಿಳುನಾಡಲ್ಲಿ ಪೇಲಿಯೋ ಮಾಡೋರು ಪನೀರ್, ತುಪ್ಪ, ಬಾದಾಮಿ ತಿಂತಾರೆ. ನಾವೂ ಹಾಗೇ ಇಟ್ಟರೆ ಕಟ್ಟುನಿಟ್ಟಿನವರು ಬೈತಾರಾ?

ಹೋಟೆಲ್ ನಡೆಸಿದ ಅನುಭವ ಇರುವವರು ದಯವಿಟ್ಟು ಹೇಳಿ. ಅಂಗಡಿ ಬಾಡಿಗೆ ಹಿಡಿಯೋದಾ, ಇಲ್ಲ ಮೊದಲು ಮನೆಯಿಂದಲೇ ತಿಂಗಳ ಲೆಕ್ಕದಲ್ಲಿ ಡಬ್ಬಿ ಕಳಿಸೋದಾ? ಅಡ್ವಾನ್ಸ್ ಕೊಡೋಕೆ ಮುಂಚೆ ತಿಳಿದರೆ ಒಳ್ಳೆಯದು.