ಗಾವಸ್ಕರ್ರೋ ವಿಶ್ವನಾಥೋ: ನಮ್ಮನೆ ವಾಟ್ಸಾಪ್ ಗುಂಪಿನ ಒಂದು ಭಾನುವಾರ

ಬೆಂಗಳೂರು ಅಣ್ಣ: (ಫಾರ್ವರ್ಡ್ ಮಾಡಿದ ಚಿತ್ರ) ಗಾವಸ್ಕರ್: 125 ಟೆಸ್ಟ್, 10122 ರನ್, 34 ಶತಕ, ಸರಾಸರಿ 51.12. ವಿಶ್ವನಾಥ್: 91 ಟೆಸ್ಟ್, 6080 ರನ್, 14 ಶತಕ, ಸರಾಸರಿ 41.93.

ಬೆಂಗಳೂರು ಅಣ್ಣ: ನಾಲ್ಕು ಸಾಲಿಗೂ ಗಾವಸ್ಕರ್ ಕಡೆಗೇ ಹಸಿರು ಟಿಕ್. ದೊಡ್ಡಪ್ಪ, ಏನು ಹೇಳ್ತೀರಿ?

ದೊಡ್ಡಪ್ಪ (ಭದ್ರಾವತಿ): ಈ ಪಟ್ಟಿ ಮಾಡಿದವನು ಇಬ್ಬರ ಆಟಾನೂ ನೋಡಿದವನಲ್ಲ.

ಬೆಂಗಳೂರು ಅಣ್ಣ: ವಿಶ್ವನಾಥ್ ಭದ್ರಾವತೀಲಿ ಹುಟ್ಟಿದವರು, ನಿಮಗೆ ಅಭಿಮಾನ ಇರೋದು ಸಹಜ. ಆದ್ರೆ ಸರಾಸರಿಯಲ್ಲಿ ಒಂಬತ್ತು ರನ್ನಿಗೂ ಜಾಸ್ತಿ ವ್ಯತ್ಯಾಸ ಇದೆ. ಅದು ಸಣ್ಣದಲ್ಲ.

ಅತ್ತೆ (ಸಾಗರ): ಬೆಳಗ್ಗೇನೇ ಶುರುವಾಯ್ತಾ? ತೋಟಕ್ಕೆ ಔಷಧಿ ಹೊಡೆಯೋಕೆ ಜನ ಬಂದಿದಾರೆ, ಮಳೆ ಹೊಳವಾಗಿರೋದೇ ಇವತ್ತು. ಆಮೇಲೆ ಬರ್ತೀನಿ. ನನ್ನ ವೋಟು ವಿಶಿಗೆ.

ಮಾವ (ತೀರ್ಥಹಳ್ಳಿ): ನನ್ನದು ಗಾವಸ್ಕರ್‌ಗೆ. ಎರಡನೇ ಮಾತಿಲ್ಲ.

ದೊಡ್ಡಪ್ಪ: ಎರಡನೇ ಮಾತು ಇದೆ ಭಾವ. ನಾನು ಟೈಪ್ ಮಾಡೋದು ನಿಧಾನ, ಮುಗಿಯೋವರೆಗೆ ಯಾರೂ ನಡುವೆ ಬಾಯಿ ಹಾಕಬೇಡಿ.

ದೊಡ್ಡಪ್ಪ: 1975ರ ಜನವರಿ. ವೆಸ್ಟ್ ಇಂಡೀಸ್ ಮೇಲೆ ಮೊದಲ ಎರಡು ಟೆಸ್ಟ್ ಸೋತಿದ್ವಿ. ಮೂರನೇದು ಕಲ್ಕತ್ತಾ, ಗೆದ್ವಿ, ವಿಶ್ವನಾಥ್ 139. ನಾಲ್ಕನೇದು ಮದ್ರಾಸಿನ ಚೆಪಾಕ್. ಬೆರಳಿಗೆ ಪೆಟ್ಟಾಗಿ ಈ ಎರಡೂ ಪಂದ್ಯಕ್ಕೆ ಗಾವಸ್ಕರ್ ಇರಲಿಲ್ಲ. ಎದುರಿಗೆ ಆಂಡಿ ರಾಬರ್ಟ್ಸ್. ಅವನ ಹತ್ರ ಎರಡು ಥರದ ಬೌನ್ಸರ್. ಮೊದಲನೇದು ನಿಧಾನ, ಆರಾಮಾಗಿ ಹೊಡೀಬಹುದು. ಹೊಡೆದು ಧೈರ್ಯ ಬಂತು ಅನ್ನೋವಾಗ ಅದೇ ಓಟದಲ್ಲಿ ಎರಡನೇದು ಬರೋದು, ನೇರ ಮುಖಕ್ಕೆ. ಹೆಲ್ಮೆಟ್ ಇಲ್ಲದ ಕಾಲ. ವಿಶಿ ಆಳು ಬೇರೆ ಗಿಡ್ಡ. ನಮ್ಮ ತಂಡ ಪೂರ್ತಿ ಸೇರಿ 190, ಅದರಲ್ಲಿ ಅವರೊಬ್ಬರದೇ 97, ಔಟಾಗದೆ. ಉಳಿದವರೆಲ್ಲ ಪ್ಲಸ್ ಎಕ್ಸ್‌ಟ್ರಾ ಸೇರಿ 93. ರಾಬರ್ಟ್ಸ್‌ಗೆ 64 ರನ್ನಿಗೆ 7 ವಿಕೆಟ್. ಆಚೆ ತುದೀಲಿ ಆಳಿಲ್ಲದೆ ಶತಕ ತಪ್ಪಿತು. ಪಂದ್ಯ 100 ರನ್ನಿಂದ ನಮ್ಮದಾಯ್ತು.

ದೊಡ್ಡಪ್ಪ: ಅವತ್ತು ನ್ಯೂಟೌನ್ ಕ್ವಾರ್ಟರ್ಸಿನಲ್ಲಿ ಒಂದೇ ರೇಡಿಯೊ ಸುತ್ತ ನಾವೆಲ್ಲ ಕೂತಿದ್ವಿ. ಕಾಮೆಂಟ್ರಿ ಇಂಗ್ಲಿಷಿನಲ್ಲಿ. ನಮಗೆ ತಿಳೀತಾ ಇದ್ದದ್ದು ಹೆಸರುಗಳು, ‘ಕಟ್’, ‘ಫೋರ್’ ಅಷ್ಟೇ. ಆ ‘ಕಟ್’ ಮತ್ತೆ ಮತ್ತೆ ಬರೋದು. ಅದನ್ನ ಕಣ್ಣಾರೆ ನೋಡಿದ್ದು 1979ರಲ್ಲಿ, ಬೆಂಗಳೂರಲ್ಲಿ ಆಸ್ಟ್ರೇಲಿಯಾ ಮೇಲೆ 161 ನಾಟೌಟ್ ಹೊಡೆದಾಗ. ಚೆಂಡು ಇನ್ನೇನು ಕೀಪರ್ ಕೈ ಸೇರಿತು ಅನ್ನೋಷ್ಟು ಹೊತ್ತು ಕಾಯೋರು. ಬಲಗಾಲು ಹಿಂದೆ ಹೋಗಿ ಊರಿರೋದು, ಭುಜ ಅಲ್ಲಾಡ್ತಿರಲಿಲ್ಲ, ಬರೀ ಮಣಿಕಟ್ಟು. ಪಾಯಿಂಟಿನಲ್ಲಿ ನಿಂತವನು ಬಗ್ಗೋದ್ರೊಳಗೆ ಚೆಂಡು ಬೌಂಡರಿ ಹಲಗೆಗೆ ಬಡಿದಿರೋದು. ಮುಗೀತು. ಈಗ ಮಾತಾಡಿ.

ಬೆಂಗಳೂರು ಅಣ್ಣ: ಚೆನ್ನಾಗಿ ಹೇಳಿದ್ರಿ ದೊಡ್ಡಪ್ಪ. ಆದ್ರೆ ಅದು ಒಂದು ಇನ್ನಿಂಗ್ಸ್. ಆಟಗಾರನನ್ನ ಅಳೆಯೋದು ಇಡೀ ಬಾಳಿನ ಆಟದಿಂದ ಅಲ್ವಾ?

ಮಾವ: ಅದೇ ನಾನು ಹೇಳೋದೂ. ಭಾವ, ಗಾವಸ್ಕರ್ ಓಪನರ್. ಹೊಸ ಚೆಂಡು, ಬೆಳಗಿನ ಹಸಿ ಪಿಚ್ಚು. ರಾಬರ್ಟ್ಸ್, ಹೋಲ್ಡಿಂಗ್, ಲಿಲ್ಲಿ, ಇಮ್ರಾನ್, ಇವರೆಲ್ಲರ ಮೊದಲ ಓವರ್ ಎದುರಿಸಿದ್ದು ಆತ. ನಾಲ್ಕನೇ ನಂಬರಿನವನು ಬರೋ ಹೊತ್ತಿಗೆ ಚೆಂಡಿನ ಹೊಳಪು ಹೋಗಿರುತ್ತೆ.

ದೊಡ್ಡಪ್ಪ: ನಮ್ಮ ತಂಡದಲ್ಲಿ ಎರಡು ವಿಕೆಟ್ ಬೀಳೋಕೆ ಎಷ್ಟು ಹೊತ್ತು ಬೇಕಿತ್ತು ಭಾವ? ಹೊಳಪು ಹೋಗೋ ಮೊದಲೇ ನಾಲ್ಕನೆಯವರು ಕ್ರೀಸಿನಲ್ಲಿ ಇರ್ತಿದ್ರು.

ಮಾವ: ಅದಕ್ಕೇ ಹೇಳಿದ್ದು, ಆ ಎರಡರಲ್ಲಿ ಒಂದು ಬೀಳದ ಹಾಗೆ ಹದಿನಾರು ವರ್ಷ ನಿಂತವರು ಗಾವಸ್ಕರ್. 1971ರಲ್ಲಿ ಮೊದಲ ಸರಣೀಲೇ ನಾಲ್ಕು ಟೆಸ್ಟಿಗೆ 774 ರನ್. ವೆಸ್ಟ್ ಇಂಡೀಸ್ ಮೇಲೆ ಒಟ್ಟು 13 ಶತಕ.

ನಾನು (ಶಿವಮೊಗ್ಗ): ಮಾವ, ಆ 13ನ್ನ ಸ್ವಲ್ಪ ಬಿಡಿಸಿ ನೋಡಬೇಕು. ನಾಲ್ಕು 1971ರವು, ಆಗ ರಾಬರ್ಟ್ಸ್, ಹೋಲ್ಡಿಂಗ್ ಯಾರೂ ಬಂದಿರಲಿಲ್ಲ. ಇನ್ನು ನಾಲ್ಕು 1978–79ರವು, ಕೆರ್ರಿ ಪ್ಯಾಕರ್ ನಡೆಸಿದ ಖಾಸಗಿ ಸರಣಿಗೆ ಹೋದ ದೊಡ್ಡ ಆಟಗಾರರು ಆಡದ ತಂಡದ ಮೇಲೆ. ಆತನ ದೊಡ್ಡತನ ಇದರಿಂದ ಕಮ್ಮಿ ಆಗಲ್ಲ, ಆದ್ರೆ 13ಕ್ಕೆ 13ನ್ನೂ ಬೆಂಕಿ ಬೌಲಿಂಗ್ ಲೆಕ್ಕಕ್ಕೆ ಹಾಕೋದು ಸರಿಯಲ್ಲ.

ಬೆಂಗಳೂರು ಅಣ್ಣ: ಸರಿ, ಹಾಗಾದ್ರೆ ಅದೇ 1978–79ರ ಸರಣೀಲಿ ವಿಶ್ವನಾಥ್ ಹೊಡೆದ 124, 179 ಕೂಡ ಬಿಡಿಸು. ಒಂದೇ ಕಡೆ ಕತ್ತರಿ ಆಡಿಸಬೇಡ.

ನಾನು: ಒಪ್ಪಿದೆ. ಎರಡು ಕಡೆಗೂ ಅದೇ ಕತ್ತರಿ. ಗಾವಸ್ಕರ್‌ದು 1983ರ ಮದ್ರಾಸಿನ 236 ನಾಟೌಟ್, ದೆಹಲಿಯ 121 ಎರಡೂ ಮಾರ್ಷಲ್, ಹೋಲ್ಡಿಂಗ್ ಇದ್ದ ವೆಸ್ಟ್ ಇಂಡೀಸ್ ಮೇಲೆ. ಅವನ್ನ ಯಾರೂ ಮುಟ್ಟೋ ಹಾಗಿಲ್ಲ.

ದೊಡ್ಡಪ್ಪ: ಒಂದು ಮಾತು ಕೇಳಿ. ವಿಶ್ವನಾಥ್ ಶತಕ ಹೊಡೆದ ಒಂದೇ ಒಂದು ಟೆಸ್ಟನ್ನೂ ಭಾರತ ಸೋತಿಲ್ಲ. ಹದಿನಾಲ್ಕರಲ್ಲಿ ಒಂದೂ ಇಲ್ಲ.

ಬೆಂಗಳೂರು ಅಣ್ಣ: ಇದನ್ನೇ ಎಲ್ಲರೂ ಹೇಳ್ತಾರೆ, ನನಗೆ ಇದು ಹಿಡಿಸಲ್ಲ. 14ರಲ್ಲಿ 10 ಡ್ರಾ. 1978ರಲ್ಲಿ ಕರಾಚೀಲಿ ಗಾವಸ್ಕರ್ ಒಂದೇ ಟೆಸ್ಟಿನಲ್ಲಿ 111, 137 ಹೊಡೆದ್ರು, ಆದರೂ ಸೋತ್ವಿ. ಎರಡು ಶತಕ ಹೊಡೆದವರು ಇನ್ನೇನು ಮಾಡಬೇಕಿತ್ತು? ಬೌಲರ್‌ಗಳ ಪಾಲನ್ನ ಬ್ಯಾಟ್ಸ್‌ಮನ್ ತಲೆಗೆ ಕಟ್ಟಬಾರದು.

ಮಾವ: ಸರಿಯಾಗಿ ಹೇಳಿದೆ ಮಾರಾಯ.

ದೊಡ್ಡಪ್ಪ: ಡ್ರಾ ಲೆಕ್ಕ ಒಪ್ಪಿದೆ. ಉಳಿದ ನಾಲ್ಕು ಯಾವುವು ಅಂತ ನೋಡು. ಕಲ್ಕತ್ತಾ ಹೇಳಿದೆ. 1976 ಪೋರ್ಟ್ ಆಫ್ ಸ್ಪೇನ್, 403 ಬೆನ್ನಟ್ಟಿದ್ದು, ವಿಶಿ 112. 1979 ಮದ್ರಾಸು 124, ನಿಮ್ಮ ಕತ್ತರಿಗೆ ಸಿಕ್ಕಿದ್ದು, ಬಿಡಿ. ಆಮೇಲೆ 1981 ಮೆಲ್ಬರ್ನ್. ನಮ್ಮದು 237, ಅದರಲ್ಲಿ 114 ಅವರದು. ಕೊನೆಗೆ ಕಪಿಲ್ 28 ರನ್ನಿಗೆ 5 ವಿಕೆಟ್ ತೆಗೆದು ಆಸ್ಟ್ರೇಲಿಯಾ 83ಕ್ಕೆ ಔಟಾಯ್ತು ಅಂತ ಎಲ್ಲರಿಗೂ ನೆನಪಿದೆ. ಮೊದಲ ದಿನದ ಆ 114 ಇಲ್ಲದಿದ್ರೆ ಕಪಿಲ್‌ಗೆ ಕಾಪಾಡೋಕೆ ರನ್ನೇ ಇರ್ತಿರಲಿಲ್ಲ. ಗೆದ್ದಿದ್ದು 59 ರನ್ನಿಂದ.

ಮಾವ: ಪೋರ್ಟ್ ಆಫ್ ಸ್ಪೇನಲ್ಲಿ ಗಾವಸ್ಕರ್ 102 ಅನ್ನೋದನ್ನ ಯಾಕೆ ನುಂಗಿದ್ರಿ ಭಾವ?

ದೊಡ್ಡಪ್ಪ: ನುಂಗಿಲ್ಲ. ಅಮರನಾಥ್ 85 ಕೂಡ ಇದೆ. ಬರೆದಿದೀನಿ ಅಂದುಕೊಳ್ಳಿ.

ಅತ್ತೆ: ಬಂದೆ. ಅರ್ಧ ತೋಟ ಆಯ್ತು, ಮತ್ತೆ ಹನಿ ಶುರು. ನನ್ನ ವೋಟು ಯಾಕೆ ಅಂದ್ರೆ, 1980ರ ಬೊಂಬಾಯಿ ಸುವರ್ಣ ಮಹೋತ್ಸವ ಟೆಸ್ಟ್. ವಿಶಿ ಕ್ಯಾಪ್ಟನ್. ಇಂಗ್ಲೆಂಡಿನ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟಾಗಿತ್ತು, ಇವರು ಹೋಗಿ ಔಟಲ್ಲ ಅಂತ ವಾಪಸ್ ಕರೆಸಿದ್ರು. ಅಂಥ ಮನುಷ್ಯ.

ಬೆಂಗಳೂರು ಅಣ್ಣ: ಅತ್ತೆ, ಆಮೇಲೆ ಟೇಲರ್, ಬಾಥಮ್ ಸೇರಿ 171 ಜೊತೆಯಾಟ ಆಡಿದ್ರು, ನಾವು ಹತ್ತು ವಿಕೆಟ್‌ನಿಂದ ಸೋತ್ವಿ.

ಅತ್ತೆ: ಸೋತರೆ ಸೋತ್ವಿ. ಔಟಾಗದವನನ್ನ ಔಟ್ ಅಂತ ಕಳಿಸಿ ಗೆಲ್ಲೋದು ನನಗೆ ಬೇಡ.

ದೊಡ್ಡಪ್ಪ: ನಾನೂ ನಿನ್ನ ಕಡೆ ತಂಗಿ, ಆದ್ರೆ ಇವತ್ತಿನ ಮಾತು ಬ್ಯಾಟಿಂಗ್.

ನಾನು: ಈ ಜಗಳ ಅವರಿಬ್ಬರ ಮಧ್ಯೆ ಇರಲೇ ಇಲ್ಲ, ಅದನ್ನೂ ಹೇಳಬೇಕು. ವಿಶ್ವನಾಥ್ ಗಾವಸ್ಕರ್ ಮನೆಯ ಅಳಿಯ. ಗಾವಸ್ಕರ್ ಮಗನ ಪೂರ್ತಿ ಹೆಸರು ರೋಹನ್ ಜೈವಿಶ್ವ. ವೆಸ್ಟ್ ಇಂಡೀಸಿನ ಬ್ಯಾಟ್ಸ್‌ಮನ್ ರೋಹನ್ ಕನ್ಹಾಯ್, ನಮ್ಮ ಜೈಸಿಂಹ, ವಿಶ್ವನಾಥ್, ಮೂವರ ಹೆಸರು ಸೇರಿಸಿ ಇಟ್ಟಿದ್ದು. ಜೊತೆಗೆ ಆಡಿದವನ ಹೆಸರನ್ನ ಮಗನಿಗೆ ಇಡಬೇಕಾದ್ರೆ ಆ ಆಟದ ಮೇಲೆ ಎಷ್ಟು ಗೌರವ ಇರಬೇಕು.

ಬೆಂಗಳೂರು ಅಣ್ಣ: ಹಾಗಾದ್ರೆ ದ್ರಾವಿಡ್, ಸಚಿನ್ ವಿಷಯಕ್ಕೆ ಬಂದ್ರೆ?

ದೊಡ್ಡಪ್ಪ: ಅದನ್ನ ಇವತ್ತು ತರಬೇಡ ಪುಟ್ಟ. ಅದಕ್ಕೆ ಬೇರೆ ಭಾನುವಾರ ಬೇಕು.

ಮಾವ: ನಾನು ಒಂದೇ ಕೇಳ್ತೀನಿ. ಭಾವ, ನಿಮ್ಮ ಇಡೀ ವಾದ ಕೆಟ್ಟ ಪಿಚ್ಚಿನ ಮೇಲೆ ನಿಂತಿದೆ. 1987ರ ಮಾರ್ಚ್, ಬೆಂಗಳೂರು, ಪಾಕಿಸ್ತಾನ. ಗಾವಸ್ಕರ್ ಕೊನೆಯ ಟೆಸ್ಟ್. ಮೊದಲ ದಿನಾನೇ ಪಾಕಿಸ್ತಾನ 116ಕ್ಕೆ ಔಟು, ಮಣಿಂದರ್‌ಗೆ 7. ಚೆಂಡು ಬಿದ್ದ ಕಡೆ ಧೂಳು ಏಳ್ತಿತ್ತು. ಕೊನೆಗೆ ನಮಗೆ 221 ಬೇಕಿತ್ತು. ಅವರ ಸ್ಪಿನ್ನರ್‌ಗಳು, ತೌಸೀಫ್ ಒಂದು ಕಡೆ, ಇಕ್ಬಾಲ್ ಖಾಸಿಂ ಇನ್ನೊಂದು ಕಡೆ. ಅಂಥದ್ರಲ್ಲಿ 37 ವರ್ಷದ ಆಳು 96. ಮುಂದೆ ಕಾಲು ಇಟ್ಟರೆ ಪೂರ್ತಿ ಚೆಂಡಿನ ಬುಡಕ್ಕೆ, ಹಿಂದೆ ಹೋದರೆ ಪೂರ್ತಿ ಸ್ಟಂಪಿನ ಹತ್ರಕ್ಕೆ. ಎಡಬಿಡಂಗಿ ಅಂತ ಒಂದು ಹೆಜ್ಜೆ ಇಲ್ಲ. 16 ರನ್ನಿಂದ ಸೋತ್ವಿ. ಆ ಇನ್ನಿಂಗ್ಸ್ ಬಗ್ಗೆ ನಿಮ್ಮ ತೀರ್ಪು ಹೇಳಿ.

ದೊಡ್ಡಪ್ಪ: ಅದಕ್ಕೆ ಎದುರು ಮಾತಿಲ್ಲ ಭಾವ. ಸ್ಪಿನ್ ಎದುರು ಅದಕ್ಕಿಂತ ದೊಡ್ಡ ಆಟ ನಾನು ನೋಡಿಲ್ಲ. ಟೀವಿ ಮುಂದಿಂದ ಎದ್ದಿರಲಿಲ್ಲ ಅವತ್ತು.

ನಾನು: ಹಾಗಾದ್ರೆ ಇದನ್ನ ಗಮನಿಸಿ. ನಿಮ್ಮಿಬ್ಬರ ಲೆಕ್ಕದಲ್ಲಿ ಅವರಿಬ್ಬರ ದೊಡ್ಡ ಇನ್ನಿಂಗ್ಸ್ ಅಂದ್ರೆ ಒಂದು 97, ಒಂದು 96. ಎರಡೂ ಶತಕ ಅಲ್ಲ. ಅಣ್ಣ ಹಾಕಿದ ಪಟ್ಟೀಲಿ ಶತಕದ ಸಾಲಿಗೆ ಎರಡೂ ಬರಲ್ಲ. 34ಕ್ಕೆ 14 ಅಂತ ಹಸಿರು ಟಿಕ್ ಹಾಕಿದ್ದು ಈ ಎರಡನ್ನೂ ಹೊರಗಿಟ್ಟು.

ಬೆಂಗಳೂರು ಅಣ್ಣ: ಇದು ಸರಿಯಾದ ಮಾತು. ಪಟ್ಟಿಗೆ ಒಂದು ಸಾಲು ಸೇರಿಸ್ತೀನಿ, ತಂಡದ ಮೊತ್ತದಲ್ಲಿ ಅವರ ಪಾಲು ಎಷ್ಟು ಅಂತ. ಚೆಪಾಕ್ 190ಕ್ಕೆ 97. ಮೆಲ್ಬರ್ನ್ 237ಕ್ಕೆ 114. ಬೆಂಗಳೂರು 204ಕ್ಕೆ 96.

ದೊಡ್ಡಪ್ಪ: 1979ರ ಓವಲ್ಲನ್ನೂ ಹಾಕು. ಗುರಿ 438, ನಾವು 8 ವಿಕೆಟ್‌ಗೆ 429, ಗಾವಸ್ಕರ್ 221. ಅರ್ಧಕ್ಕೂ ಮೇಲೆ. ಅದನ್ನ ಬಿಟ್ಟರೆ ಪಟ್ಟಿ ಮತ್ತೆ ಸುಳ್ಳಾಗುತ್ತೆ.

ಬೆಂಗಳೂರು ಅಣ್ಣ: ಹಾಕಿದೆ. ಯಾವುದು ಮೊದಲು ಬರೀಲಿ?

ದೊಡ್ಡಪ್ಪ: ಚೆಪಾಕ್.

ಮಾವ: ಓವಲ್.