ಲಗ್ನಪತ್ರಿಕೆ: ತೆಳು ಕೈಬರಹದ ಫಾಂಟು ಫಾಯಿಲ್‌ನ್ಯಾಗ ತುಂಡಾಗಾಕತ್ತೈತಿ

ಗದಗ_ಡಿಟಿಪಿ:
5×7 ಇಂಚಿನ ಲಗ್ನಪತ್ರಿಕೆ ಐತ್ರಿ. ಹುಡುಗ-ಹುಡುಗಿ ಹೆಸರು ಇಂಗ್ಲಿಷ್‌ನ್ಯಾಗ ತೆಳು ಕೈಬರಹದ ಸ್ಕ್ರಿಪ್ಟ್ ಫಾಂಟು, ಕೆಳಗ ಕನ್ನಡದಾಗೂ ಅದಕ್ಕ ಹೊಂದೂ ಹಂಗ ಬೇಕಂತ. ಉಬ್ಬುತಗ್ಗಿನ ಟೆಕ್ಸ್ಚರ್ ಕಾಗದ, ಬಂಗಾರದ ಹಾಟ್ ಫಾಯಿಲ್ (ಬಿಸಿ ಅಚ್ಚು ಒತ್ತಿ ಹೊಳೆಯೂ ಹಾಳಿ ಹತ್ತಿಸೂದು). ಸ್ಕ್ರೀನ್ ಮ್ಯಾಲೆ ಚಲೋ ಕಾಣತೈತಿ, ಪ್ರೂಫ್‌ನ್ಯಾಗ (ಪರೀಕ್ಷೆಗೆ ಒತ್ತಿದ ಪ್ರತಿ) ಗೆರಿ ತುಂಡು ತುಂಡು. ಇನ್ನ ಫೋಟೋಶಾಪ್‌ನ್ಯಾಗ ಕನ್ನಡ ಯುನಿಕೋಡ್ ಹಾಕಿದ್ರ ಒತ್ತು ಕೆಳಗ ಕೂಡ್ರವಲ್ದು. ದಾರಿ ಹೇಳ್ರಿ.

ಹಾವೇರಿ_ಫಾಯಿಲ್:
ಮದ್ಲ ಕಾಗದ ಬದಲಿಸ್ರಿ. ಬ್ಲಾಕು, ಅಂದ್ರ ಒತ್ತೂ ಅಚ್ಚು, ಕಾಗದದ ಉಬ್ಬಿದ ಜಾಗಾಕ್ಕಷ್ಟ ತಾಗತೈತಿ, ತಗ್ಗಿನ್ಯಾಗ ಫಾಯಿಲ್ ಹತ್ತೂದಿಲ್ಲ. ದಪ್ಪ ಗೆರಿ ಆದ್ರ ಗೊತ್ತಾಗೂದಿಲ್ಲ, ಕೂದಲೆಳಿಯಂಥಾದ್ದು ಅಲ್ಲೇ ಕಡೀತು. ಒತ್ತಡ ಏರಿಸಿದ್ರ ಇಂಗ್ಲಿಷಿನ ಸಣ್ಣ ‘ಇ’, ‘ಎ’ ಅಕ್ಷರದ ಕಣ್ಣು ತುಂಬಿ ಮುಚ್ಚಿಹೋಗ್ತಾವ. ನುಣುಪು ಮ್ಯಾಟ್ ಕಾರ್ಡ್, 300 ಜಿಎಸ್‌ಎಂ (ಕಾಗದದ ತೂಕದ ಅಳತಿ) ಇರ್ಲಿ.

ಫಾಯಿಲ್‌ಗೆ 0.3 ಮಿ.ಮೀ.ಗಿಂತ ತೆಳು ಬ್ಯಾಡ. ಕೋರೆಲ್ ಡಿಸೈನ್ ಸಾಫ್ಟ್‌ವೇರ್‌ನ್ಯಾಗ ಹೆಸರನ್ನ ಅಸಲಿ ಅಳತಿಗೆ ಇಟ್ಟು, 0.3ರ ಗೆರಿ ಎಳದು ಅತೀ ತೆಳು ಜಾಗಾದ ಪಕ್ಕ ಹಿಡೀರಿ. ಅಕ್ಷರದ ಗೆರಿ 0.15 ಬಂದ್ರ ಅದೇ ಬಣ್ಣದ 0.15 ಔಟ್‌ಲೈನ್ (ಅಂಚಿನ ಗೆರಿ) ಕೊಡ್ರಿ. ಔಟ್‌ಲೈನ್‌ದು ಅರ್ಧ ಅಕ್ಷರದ ಒಳಗ, ಅರ್ಧ ಹೊರಗ. ಎರಡೂ ಅಂಚಿಂದು ಸೇರಿ ಒಟ್ಟು 0.3 ಆತು. ಆಮ್ಯಾಲೆ ಅಕ್ಷರ, ಔಟ್‌ಲೈನ್ ಎರಡನ್ನೂ ಕರ್ವ್ಸ್ (ಫಾಂಟ್ ಬಿಟ್ಟು ಬರೇ ಆಕಾರ) ಮಾಡಿ ‘ವೆಲ್ಡ್’ ಹಾಕ್ರಿ, ಎಲ್ಲಾ ಕೂಡಿ ಒಂದೇ ಆಕಾರ ಆಗತೈತಿ. ‘ಕಂಬೈನ್’ ಒತ್ತಬ್ಯಾಡ್ರಿ, ಒಂದಕ್ಷರದ ಬಾಲ ಇನ್ನೊಂದರ ಮ್ಯಾಲೆ ಹಾದಲ್ಲೆಲ್ಲಾ ಬಿಳಿ ತೂತು ಬೀಳತಾವ.

ಧಾರವಾಡ_ಅಕ್ಷರ:
ಔಟ್‌ಲೈನ್ ಇಂಗ್ಲಿಷಿಗೆ ಸರಿ, ಕನ್ನಡಕ್ಕ ಹುಷಾರ್. ‘ಧ’, ‘ಭ’ದ ಹೊಟ್ಟೆ ಸೀಳು ತೆಳುವಾದ್ರ ಹಾರಿಹೋಗತದ, ದಪ್ಪ ಮಾಡಿದ್ರ ಮುಚ್ಚತದ. ‘ಶುಭವಿವಾಹ’ ಹೋಗಿ ‘ಶುಬವಿವಾಹ’, ಧಾರವಾಡ ಹೋಗಿ ದಾರವಾಡ! ಹಿರೇರು ಮೊದಲು ಹಿಡಿಯೋದೇ ಅದನ್ನ.

ಇಂಗ್ಲಿಷ್ ಸ್ಕ್ರಿಪ್ಟ್‌ನಂಗ ಕನ್ನಡ ಅಕ್ಷರ ಒಂದಕ್ಕೊಂದು ಕೂಡೂದಿಲ್ಲ, ಕೂಡೋ ಫಾಂಟ್ ಹುಡುಕಬ್ಯಾಡ್ರಿ. ಗೆರಿ ದಪ್ಪ ಒಂದೇ ಕಂಡ್ರ ಸಾಕು. ಗೂಗಲ್ ಫಾಂಟ್ಸ್‌ನ್ಯಾಗ ‘ಹುಬ್ಬಳ್ಳಿ’ ಅನ್ನೋ ಹೆಸರಿನ ಫಾಂಟೇ ಅದ, ಎರಿನ್ ಮೆಕ್‌ಲಾಫ್ಲಿನ್ ಮಾಡಿದ್ದು. ಗೆರಿ ಎಲ್ಲಾ ಕಡೆ ಸಮ. ದಪ್ಪ ಹೆಚ್ಚುಕಡಿಮೆ ಮಾಡೋದಿದ್ರ ‘ಅನೇಕ್ ಕನ್ನಡ’ ಹಾಕ್ರಿ, 100ರಿಂದ 800ರ ತನಕ ಜರುಗಿಸಬಹುದು, ಔಟ್‌ಲೈನ್ ಗೋಜೇ ಇಲ್ಲ. ಎರಡೂ ಓಪನ್ ಫಾಂಟ್ ಲೈಸೆನ್ಸ್, ಅಂದ್ರ ಗಿರಾಕಿ ಕೆಲಸಕ್ಕೂ ಪುಕ್ಕಟೆ ಬಳಸಬಹುದು. ನಿಮ್ಮ ಇಂಗ್ಲಿಷ್ ಫಾಂಟ್ ‘ಪರ್ಸನಲ್ ಯೂಸ್’ ಅಂತಿದ್ರ ಗಿರಾಕಿ ಕೆಲಸಕ್ಕ ನಡೆಯೂದಿಲ್ಲ, ನೋಡ್ಕೋರಿ.

ಒತ್ತಿನ ತೊಂದರೆ ಫಾಂಟಿಂದಲ್ಲ. ಫೋಟೋಶಾಪ್ ಪ್ರಿಫರೆನ್ಸಸ್, ಟೈಪ್‌ನ್ಯಾಗ ‘ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್’ ಆರಿಸಿ, ಹೊಸ ಫೈಲ್ ತೆರೆದು, ಪ್ಯಾರಾಗ್ರಾಫ್ ಪ್ಯಾನೆಲ್ ಮೆನುವಿನ್ಯಾಗ ‘ವರ್ಲ್ಡ್-ರೆಡಿ ಲೇಔಟ್’ ಹಾಕ್ರಿ. ಹೊಸ ಆವೃತ್ತಿ ಇದ್ರ ಕೊನೇದೊಂದೇ ಸಾಕು. ಸಾಲಿನ ಅಂತರ ಅಕ್ಷರದ ಅಳತಿಯ ಒಂದೂವರೆ ಪಟ್ಟು ಬೇಕು. ಇಲ್ಲಂದ್ರ ‘ಹುಬ್ಬಳ್ಳಿ’ಯಂಥ ಪದದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡೀತದ. ಇಂಗ್ಲಿಷ್ ಹೆಸರಿನ ಟ್ರ್ಯಾಕಿಂಗ್ (ಅಕ್ಷರಗಳ ನಡುವಿನ ಅಂತರ) ಸೊನ್ನೆ ಇರಲಿ, ಒಂದಿಷ್ಟು ಏರಿಸಿದರೂ ಅಕ್ಷರದ ಕೊಂಡಿ ಬಿಡ್ತಾವ. ಎಲ್ಲಾ ಕ್ಯಾಪಿಟಲ್ ಅಂತೂ ಓದಾಕ ಆಗೂದಿಲ್ಲ.

ಗದಗ_ಡಿಟಿಪಿ:
ಮುಹೂರ್ತ, ಕಲ್ಯಾಣ ಮಂಟಪದ ವಿಳಾಸಾನೂ ಇದೇ ಫಾಂಟಿನ್ಯಾಗ ಹಾಕಲೇನ್ರಿ? ವಾಟ್ಸಾಪ್‌ಗೂ ಇದನ್ನ ಕಳಸ್ತಾರಂತ.

ಹಾವೇರಿ_ಫಾಯಿಲ್:
ಹೆಸರಿಗಷ್ಟ ಸಾಕ್ರಿ. ಉಳಿದದ್ದು ಸಾದಾ ಫಾಂಟು, 10 ಪಾಯಿಂಟ್‌ಗಿಂತ ಕಡಿಮಿ ಬ್ಯಾಡ, ಕರೇ ಒಂದೇ ಶಾಯಿ. ನಾಕು ಬಣ್ಣ ಕೂಡಿಸಿದ್ರ ತೆಳು ಗೆರಿಗೆ ರಜಿಸ್ಟ್ರೇಷನ್ (ಬಣ್ಣ ಒಂದರ ಮ್ಯಾಲೊಂದು ಸರಿಯಾಗಿ ಕೂಡ್ರೂದು) ತಪ್ಪಿ ನೆರಳು ಬೀಳತೈತಿ. ವಾಟ್ಸಾಪ್‌ಗೆ ಫೋಟೋ ಆಗಿ ಹಾಕಿದ್ರ ಅದು ಕುಗ್ಗಿಸಿ ಗೆರಿ ಮಸುಕ ಮಾಡತೈತಿ. ಪಿಡಿಎಫ್ ಮಾಡಿ ಡಾಕ್ಯುಮೆಂಟ್ ಆಗಿ ಕಳಸ್ರಿ, ಫಾಯಿಲ್ ಬಣ್ಣದ ಬದಲಿ ಗಾಢ ಕಂದು ಇಡ್ರಿ.